ಬ್ರಿಟನ್ನಿನಲ್ಲಿ ಕಂದು ಲಕೋಟೆ ಬಂದರೆ ಅಂದೇ ಒಡೆದು ಓದಿ

ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ ದಾವಣಗೆರೆಯ ಹುಡುಗನೊಬ್ಬ ಫೋನ್ ಮಾಡಿದ. ಬ್ರಿಟನ್ನಿಗೆ ಬಂದು ಎರಡು ವರ್ಷ, ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಪಡೆದು ಹತ್ತು ತಿಂಗಳು. "ಸರ್, ನನ್ನ ಲೈಸೆನ್ಸ್ ರದ್ದಾಗಿದೆ ಎಂದು ಕಾಗದ ಬಂದಿದೆ. ಏಕೆ ಎಂದೇ ಗೊತ್ತಾಗುತ್ತಿಲ್ಲ" ಎಂದ. ಅವನ ಮಾತು ಮುಗಿಯುವ ಮೊದಲೇ ನಾನು ಕೇಳಿದ್ದು ಒಂದೇ ಪ್ರಶ್ನೆ: "ಈಚೆಗೆ ಮನೆ ಬದಲಿಸಿದೆಯಾ?" ಹೌದು ಎಂದ. ಐದು ವರ್ಷಗಳ ಹಿಂದೆ ನಾನು ಬಿದ್ದ ಗುಂಡಿಗೇ ಅವನೂ ಬಿದ್ದಿದ್ದ. ನನಗೆ ಗೊತ್ತಿರುವಂತೆ ಅವನು ನಾಲ್ಕನೆಯವನು.

ಬ್ಯಾಂಕ್ ಖಾತೆ ತೆರೆಯುವುದು, ವೈದ್ಯರ ಬಳಿ ಹೆಸರು ನೋಂದಾಯಿಸುವುದು ಇವೆಲ್ಲ ವಿಮಾನ ಹತ್ತುವ ಮೊದಲೇ ಎಲ್ಲರಿಗೂ ತಿಳಿದಿರುತ್ತವೆ. ಯಾರೂ ಹೇಳಿಕೊಡದ ವಿಷಯ ಇದು: ಈ ದೇಶದಲ್ಲಿ ಸರ್ಕಾರ ನಿಮ್ಮ ಬಾಗಿಲು ತಟ್ಟುವುದಿಲ್ಲ, ಕಾಗದ ಹಾಕುತ್ತದೆ. ಬಾಗಿಲಿನ ಸೀಳಿನಿಂದ ಕಂದು ಲಕೋಟೆಯೊಂದು ಚಾಪೆಯ ಮೇಲೆ ಬೀಳುತ್ತದೆ. ಅದಕ್ಕೆ ನೀವು ಉತ್ತರ ಬರೆಯದಿದ್ದರೆ, ಎಷ್ಟೋ ಸಲ ಆ ಉತ್ತರ ಬರೆಯದಿರುವುದೇ ಮೂಲ ತಪ್ಪಿಗಿಂತ ದೊಡ್ಡ ಅಪರಾಧವಾಗುತ್ತದೆ.

ಮೊದಲು ಮತದ ಕಾಗದ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನೀವು ಇಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಕಾಮನ್‌ವೆಲ್ತ್ ದೇಶದ ಪ್ರಜೆಯಾಗಿದ್ದು, ಕಾನೂನುಬದ್ಧ ವೀಸಾದ ಮೇಲೆ ಇಲ್ಲಿ ವಾಸವಾಗಿದ್ದರೆ ಸಾಕು. ಜರ್ಮನಿಯವರಿಗೆ, ಅಮೆರಿಕದವರಿಗೆ ಇಲ್ಲದ ಹಕ್ಕು ನಮಗಿದೆ. ಹತ್ತು ವರ್ಷ ಇಲ್ಲಿದ್ದೂ "ನಮಗೆ ಓಟು ಇಲ್ಲವಲ್ಲ" ಎನ್ನುವ ಕನ್ನಡಿಗರನ್ನು ನಾನು ಪ್ರತಿ ಯುಗಾದಿ ಕೂಟದಲ್ಲೂ ಕಾಣುತ್ತೇನೆ, ಪ್ರತಿ ಸಲವೂ ಸಂಕಟವಾಗುತ್ತದೆ. ಮತದಾರರ ಪಟ್ಟಿಗೆ ಹೆಸರು ಸೇರಿಸಿ ಎಂದು ಸ್ಥಳೀಯ ಕೌನ್ಸಿಲ್ ಬರೆಯುವ ಕಾಗದವನ್ನು ಎಸೆಯಬೇಡಿ. ಕಡೆಗಣಿಸುತ್ತಲೇ ಹೋದರೆ 80 ಪೌಂಡ್ ದಂಡ ಹಾಕಲು ಅವರಿಗೆ ಅಧಿಕಾರವಿದೆ. ಹೆಸರು ಸೇರಿದರೆ ಬೇರೆ ಲಾಭವೂ ಇದೆ: ಸಾಲ ಕೊಡುವವರು ನಿಮ್ಮ ವಿಳಾಸವನ್ನು ಅದೇ ಪಟ್ಟಿಯಲ್ಲಿ ತಾಳೆ ನೋಡುತ್ತಾರೆ. 2023ರಿಂದ ಇಂಗ್ಲೆಂಡಿನ ಮತಗಟ್ಟೆಯಲ್ಲಿ ಭಾವಚಿತ್ರವಿರುವ ಗುರುತಿನ ದಾಖಲೆ ಕೇಳುತ್ತಾರೆ, ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.

ಚುನಾವಣೆ ನಡೆಸುವುದರಲ್ಲಿ ನಮ್ಮ ದೇಶವೇ ಮೇಲು ಎಂದು ನಾನು ಯಾರ ಮುಂದೆಯೂ ಹೇಳುತ್ತೇನೆ. ಇಲ್ಲಿ ಗುರುವಾರ ಮತದಾನ, ರಜೆ ಇಲ್ಲ. ದುಡಿದು ಬಂದು ರಾತ್ರಿ ಹತ್ತರೊಳಗೆ ಓಡಬೇಕು. 2024ರ ಜುಲೈನಲ್ಲಿ ಸುಮಾರು 60% ಜನ ಮಾತ್ರ ಮತ ಹಾಕಿದರು. ಅದರಲ್ಲಿ ಮೂರನೆಯ ಒಂದು ಭಾಗ ಪಡೆದ ಲೇಬರ್ ಪಕ್ಷಕ್ಕೆ 650ರಲ್ಲಿ 411 ಸ್ಥಾನ ಸಿಕ್ಕಿತು. ವಲಸೆಯನ್ನು ವಿರೋಧಿಸುವ, ನೂರಕ್ಕೆ 14 ಮತ ಪಡೆದ ರಿಫಾರ್ಮ್ ಪಕ್ಷಕ್ಕೆ ಐದೇ ಸ್ಥಾನ. ಆ ಪಕ್ಷದ ಮಾತು ನನಗೆ ಸುತರಾಂ ಹಿಡಿಸುವುದಿಲ್ಲ, ಆದರೂ ಇದು ನ್ಯಾಯವಾದ ಲೆಕ್ಕವಲ್ಲ. ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುವ ಈ ಪದ್ಧತಿಯನ್ನು ನಾವು ಕಲಿತದ್ದು ಇವರಿಂದಲೇ, ಆದ್ದರಿಂದ ದೂರು ಎರಡು ಮನೆಗೂ ಸಲ್ಲುತ್ತದೆ. ಆದರೆ ಶಾಸಕರ ಮನೆ ಮುಂದೆ ಕಾದು ನಿಂತು ಅಭ್ಯಾಸವಾದ ನಮಗೆ ಇಲ್ಲಿನ ಸಂಸದರು ಸುಲಭವಾಗಿ ಸಿಗುತ್ತಾರೆ. ವೀಸಾ ಅರ್ಜಿ ತಿಂಗಳುಗಟ್ಟಲೆ ಅಲುಗಾಡದಿದ್ದರೆ ಅವರಿಗೆ ಬರೆಯಿರಿ, ವಿಳಾಸವನ್ನು ಪಿನ್‌ಕೋಡ್ ಸಮೇತ ಕೊಡಿ. ನಿಮ್ಮ ಕ್ಷೇತ್ರದವರೇ ಹೌದೆಂದು ಖಚಿತವಾದರೆ ಅವರ ಕಚೇರಿ ವಿಚಾರಿಸಿ ಉತ್ತರ ಕೊಡುತ್ತದೆ. ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಥೇಮ್ಸ್ ದಂಡೆಯ ಮೇಲೆ ಬಸವಣ್ಣನವರ ಪ್ರತಿಮೆ 2015ರಲ್ಲಿ ಎದ್ದು ನಿಂತದ್ದರ ಹಿಂದೆ ಅಲ್ಲಿ ಮೇಯರ್ ಆಗಿದ್ದ ಕಲಬುರಗಿಯ ನೀರಜ್ ಪಾಟೀಲರ ಶ್ರಮವಿದೆ. ಸ್ಥಳೀಯ ರಾಜಕೀಯದೊಳಗೆ ಕಾಲಿಟ್ಟವರಿಗೆ ಇಷ್ಟು ಸಾಧ್ಯವಾಗುತ್ತದೆ.

ಈಗ ನನ್ನ ದುಡ್ಡು ನುಂಗಿದ ಗುಂಡಿಯ ಮಾತಿಗೆ ಬರುತ್ತೇನೆ. ಕಾರು ಇರುವವರು ಇದೊಂದು ಭಾಗವನ್ನು ಎರಡು ಸಲ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ಬಾಡಿಗೆ ಮನೆ ಬದಲಿಸಿದಾಗ ಡ್ರೈವಿಂಗ್ ಲೈಸೆನ್ಸಿನ ವಿಳಾಸವನ್ನು ವಾರದೊಳಗೆ ಬದಲಿಸಿದೆ. ಕಾರಿನ ವಿಳಾಸವೂ ಅದರ ಜೊತೆಗೇ ಬದಲಾಯಿತು ಎಂದುಕೊಂಡೆ. ಅದೇ ತಪ್ಪು. ಲೈಸೆನ್ಸ್ ಬೇರೆ, ವಿ5ಸಿ ಎಂದು ಕರೆಯುವ ಕಾರಿನ ಲಾಗ್ ಬುಕ್, ಅಂದರೆ ನೋಂದಣಿ ಪತ್ರ, ಬೇರೆ. ಎರಡನ್ನೂ ನೋಡಿಕೊಳ್ಳುವುದು ಡಿವಿಎಲ್‌ಎ ಎಂಬ ಒಂದೇ ಇಲಾಖೆಯಾದರೂ ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ. ವಿಮೆಯ ಕಾಗದದಲ್ಲಿರುವುದು ಮೂರನೆಯ ವಿಳಾಸ. ಮೂರನ್ನೂ ನೀವೇ ಬದಲಿಸಬೇಕು. ಲೈಸೆನ್ಸ್ ಮತ್ತು ಲಾಗ್ ಬುಕ್ ಬದಲಾವಣೆಗೆ ಒಂದು ಪೆನ್ನಿಯೂ ಖರ್ಚಿಲ್ಲ, ಬದಲಿಸದಿದ್ದರೆ 1000 ಪೌಂಡ್‌ವರೆಗೆ ದಂಡವಿದೆ.

ಗಂಟೆಗೆ 30 ಮೈಲಿಯ ರಸ್ತೆಯಲ್ಲಿ 37ರಲ್ಲಿ ಹೋಗುವಾಗ ಕ್ಯಾಮೆರಾ ನನ್ನ ಕಾರನ್ನು ಹಿಡಿಯಿತು. ಹದಿನಾಲ್ಕು ದಿನದೊಳಗೆ ಕಾರಿನ ನೋಂದಾಯಿತ ವಿಳಾಸಕ್ಕೆ ನೋಟಿಸ್ ಹೋಗುತ್ತದೆ: ಆ ಹೊತ್ತಿನಲ್ಲಿ ಕಾರು ಓಡಿಸಿದ್ದು ಯಾರು, 28 ದಿನದೊಳಗೆ ತಿಳಿಸಿ. ಉತ್ತರ ಕೊಟ್ಟಿದ್ದರೆ ಅರ್ಧ ದಿನದ ವೇಗ ಜಾಗೃತಿ ತರಗತಿಯಲ್ಲಿ ಕುಳಿತು ಬಂದು ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲವೇ 100 ಪೌಂಡ್ ದಂಡ, ಲೈಸೆನ್ಸ್ ಮೇಲೆ ತಪ್ಪಿನ ಗುರುತಾಗಿ ಮೂರು ಪಾಯಿಂಟ್. ನನ್ನ ನೋಟಿಸ್ ಹಳೆಯ ಮನೆಗೆ ಹೋಯಿತು. ಜ್ಞಾಪನಾ ಪತ್ರವೂ ಅಲ್ಲಿಗೇ ಹೋಯಿತು. ಹೊಸ ಬಾಡಿಗೆದಾರರು ಎಲ್ಲವನ್ನೂ ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿ ತುಂಬಿಟ್ಟಿದ್ದರು. ಪಿಜ್ಜಾ ಅಂಗಡಿಯ ಕರಪತ್ರಗಳ ನಡುವೆ ನನ್ನ ಹೆಸರಿನ ಐದು ಕಂದು ಲಕೋಟೆಗಳನ್ನು ನಾನೇ ಹೋಗಿ ಆರಿಸಿ ತಂದೆ. ಆಗ ಎಲ್ಲ ಮುಗಿದಿತ್ತು.

ಏಕೆಂದರೆ ಓಡಿಸಿದ್ದು ಯಾರು ಎಂದು ತಿಳಿಸದಿರುವುದು ರಸ್ತೆ ಸಂಚಾರ ಕಾಯ್ದೆಯ 172ನೇ ಸೆಕ್ಷನ್ ಪ್ರಕಾರ ಬೇರೆಯೇ ಅಪರಾಧ. ಅದಕ್ಕೆ ಆರು ಪಾಯಿಂಟ್. ವೇಗಕ್ಕೆ ಮೂರು, ಸುಮ್ಮನಿದ್ದುದಕ್ಕೆ ಆರು! ಇನ್ನು ಲೈಸೆನ್ಸ್ ಪಡೆದ ಮೊದಲ ಎರಡು ವರ್ಷದಲ್ಲಿ ಆರು ಪಾಯಿಂಟ್ ಬಿದ್ದರೆ ಲೈಸೆನ್ಸೇ ರದ್ದು. ನೀವು ಬೆಂಗಳೂರಿನಲ್ಲಿ ಹದಿನೈದು ವರ್ಷ ಕಾರು ಓಡಿಸಿರಬಹುದು. ಭಾರತದ ಲೈಸೆನ್ಸ್ ಇಲ್ಲಿ ಹನ್ನೆರಡು ತಿಂಗಳು ಮಾತ್ರ ನಡೆಯುವುದರಿಂದ ನಲವತ್ತನೆಯ ವಯಸ್ಸಿನಲ್ಲಿ ಪರೀಕ್ಷೆ ಪಾಸಾದರೂ ಕಾನೂನಿನ ಕಣ್ಣಿಗೆ ನೀವು ಹದಿನೇಳರ ಹುಡುಗನಂತೆ ಹೊಸಬರೇ. ಈ ಗುಂಡಿಗೆ ನಮ್ಮವರೇ ಹೆಚ್ಚಾಗಿ ಬೀಳುವುದು ಇದರಿಂದ. ಬಂದ ಮೊದಲ ವರ್ಷಗಳಲ್ಲೇ ಮನೆ ಬದಲಿಸುತ್ತೇವೆ, ಅದೇ ವರ್ಷಗಳಲ್ಲಿ ಹೊಸ ಲೈಸೆನ್ಸೂ ಇರುತ್ತದೆ.

ಮೊಕದ್ದಮೆ ನಡೆದದ್ದು ಹೇಗೆ ಎಂದು ಕೇಳಿ. 2015ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಿಂಗಲ್ ಜಸ್ಟಿಸ್ ಪ್ರೊಸೀಜರ್ ಎಂಬ ಪದ್ಧತಿಯಿದೆ. ಜೈಲುಶಿಕ್ಷೆಯಿಲ್ಲದ ಸಣ್ಣ ಅಪರಾಧಗಳನ್ನು ಒಬ್ಬ ಮ್ಯಾಜಿಸ್ಟ್ರೇಟ್, ಒಬ್ಬ ಕಾನೂನು ಸಲಹೆಗಾರರ ನೆರವಿನಿಂದ, ಕಾಗದ ನೋಡಿಯೇ ತೀರ್ಮಾನಿಸುತ್ತಾರೆ. ತೆರೆದ ನ್ಯಾಯಾಲಯವಿಲ್ಲ, ಎದುರಿಗೆ ಆರೋಪಿಯಿಲ್ಲ. ನೋಟಿಸಿಗೆ 21 ದಿನದೊಳಗೆ ಉತ್ತರ ಬಾರದಿದ್ದರೆ ನೀವಿಲ್ಲದೆಯೇ ತೀರ್ಪು. ನಿಮ್ಮ ಸಂಬಳ ಗೊತ್ತಿಲ್ಲದ ಕಾರಣ ಊಹೆಯ ಆದಾಯದ ಮೇಲೆ ದಂಡ ಕಟ್ಟುತ್ತಾರೆ. ಈಗಿನ ಲೆಕ್ಕದಲ್ಲಿ ಅದು 660 ಪೌಂಡ್, ಅದರ 40% ಸರ್ಚಾರ್ಜ್ ಅಂದರೆ 264 ಪೌಂಡ್, ಮೇಲೆ ಮೊಕದ್ದಮೆಯ ಖರ್ಚು. ಸಾವಿರ ಪೌಂಡ್ ದಾಟುತ್ತದೆ. ನನ್ನ ಕೈ ಸೇರಿದ ಮೊದಲ ಕಾಗದವೆಂದರೆ ಲೈಸೆನ್ಸ್ ರದ್ದಾದ ಸುದ್ದಿ. ಅದೊಂದು ಮಾತ್ರ ಸರಿಯಾದ ವಿಳಾಸಕ್ಕೆ ಬಂತು, ಲೈಸೆನ್ಸಿನ ವಿಳಾಸವನ್ನು ನಾನು ಬದಲಿಸಿದ್ದೆನಲ್ಲ.

ನಮ್ಮ ಊರಿನಲ್ಲಿ ಸಮನ್ಸ್ ಎಂದರೆ ಅಮೀನ ಮನೆಗೆ ಬರುತ್ತಾನೆ, ಸಹಿ ಹಾಕಿಸಿಕೊಳ್ಳುತ್ತಾನೆ, ಯಾರೂ ಸಿಗದಿದ್ದರೆ ಬಾಗಿಲಿಗೆ ಅಂಟಿಸಿ ಹೋಗುತ್ತಾನೆ. ನಿಧಾನ ನಿಜ. ಆದರೆ ಮನುಷ್ಯನಿಗೆ ಸುದ್ದಿ ಮುಟ್ಟಿತೇ ಎಂದು ನೋಡುವ ಕಾಳಜಿ ಅದರಲ್ಲಿದೆ. ಈ ಒಂದು ವಿಷಯದಲ್ಲಿ ನಮ್ಮ ಪದ್ಧತಿಯೇ ಉತ್ತಮ. ಸಾಮಾನ್ಯ ಅಂಚೆಗೆ ಹಾಕಿದ ಕಾಗದ ತಲುಪಿತೆಂದೇ ಭಾವಿಸಿ ಒಬ್ಬನನ್ನು ಅಪರಾಧಿ ಮಾಡುವುದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.

ನನಗೆ ಆಗ ಗೊತ್ತಿಲ್ಲದ, ನಿಮಗೆ ಗೊತ್ತಿರಲೇಬೇಕಾದ ಮದ್ದು ಒಂದಿದೆ. ಹೆಸರು ಸ್ಟ್ಯಾಚುಟರಿ ಡಿಕ್ಲರೇಷನ್. ನನ್ನ ಮೇಲೆ ಮೊಕದ್ದಮೆ ನಡೆದದ್ದೇ ನನಗೆ ತಿಳಿದಿರಲಿಲ್ಲ ಎಂದು ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಹೇಳುವುದು. ಸುದ್ದಿ ತಿಳಿದ ದಿನದಿಂದ 21 ದಿನದೊಳಗೆ ಮಾಡಿದರೆ ತೀರ್ಪು ಬಿದ್ದುಹೋಗಿ ಮೊಕದ್ದಮೆ ಮೊದಲಿನಿಂದ ಶುರುವಾಗುತ್ತದೆ. ನಾನು ಹೆದರಿ ದಂಡ ಕಟ್ಟಿದೆ, ಕಲಿಯುವವರ ಪ್ರಾವಿಜನಲ್ ಲೈಸೆನ್ಸ್ ತೆಗೆದುಕೊಂಡು ಥಿಯರಿ, ಚಾಲನೆ ಎರಡೂ ಪರೀಕ್ಷೆ ಮತ್ತೆ ಕೊಟ್ಟೆ, ಪರೀಕ್ಷೆಯ ದಿನಕ್ಕಾಗಿ ತಿಂಗಳುಗಟ್ಟಲೆ ಕಾದೆ. ಮಗಳನ್ನು ಶಾಲೆಗೆ ಮಳೆಯಲ್ಲಿ ನಡೆಸಿಕೊಂಡು ಹೋದ ಆ ಬೆಳಗುಗಳು ಇನ್ನೂ ಕಣ್ಣ ಮುಂದಿವೆ. ವಿಮೆಯ ಕಂತು ಅಂದು ಏರಿದ್ದು ವರ್ಷಗಳ ಕಾಲ ಇಳಿಯಲಿಲ್ಲ. ದಾವಣಗೆರೆಯ ಹುಡುಗನನ್ನು ಆರನೆಯ ದಿನವೇ ನ್ಯಾಯಾಲಯಕ್ಕೆ ಕಳುಹಿಸಿದೆ. ಮೊಕದ್ದಮೆ ಮತ್ತೆ ತೆರೆದಾಗ ಕಾರು ಓಡಿಸಿದ್ದು ತಾನೇ ಎಂದು ಒಪ್ಪಿಕೊಂಡ. ಪ್ರಾಸಿಕ್ಯೂಷನ್‌ನವರು 172ರ ಆರೋಪ ಕೈಬಿಟ್ಟರು. ಮೂರು ಪಾಯಿಂಟಿನಲ್ಲಿ ಮುಗಿಯಿತು, ಲೈಸೆನ್ಸ್ ಉಳಿಯಿತು. ಆದರೆ ಪ್ರಮಾಣ ಮಾಡಿ ಸುಳ್ಳು ಹೇಳುವುದು ಘೋರ ಅಪರಾಧ. ಕಾಗದ ಕೈಗೆ ಬಂದಿದ್ದರೆ ಈ ದಾರಿ ಹಿಡಿಯಲೇಬೇಡಿ.

ಇನ್ನೊಂದು ಎಚ್ಚರಿಕೆ. "ಹೆಂಡತಿ ಓಡಿಸುತ್ತಿದ್ದಳು ಎಂದು ಬರೆದುಬಿಡೋಣ, ಅವಳ ಲೈಸೆನ್ಸ್ ಖಾಲಿ ಇದೆ" ಎನ್ನುವವರಿದ್ದಾರೆ. ಮುಂದೆ ಕ್ಯಾಬಿನೆಟ್ ಸಚಿವರಾದ ಕ್ರಿಸ್ ಹ್ಯೂನ್ ಹೀಗೆಯೇ 2003ರಲ್ಲಿ ತಮ್ಮ ಪಾಯಿಂಟುಗಳನ್ನು ಹೆಂಡತಿಯ ತಲೆಗೆ ಕಟ್ಟಿದರು. ಹತ್ತು ವರ್ಷದ ಮೇಲೆ, 2013ರಲ್ಲಿ, ಇಬ್ಬರಿಗೂ ತಲಾ ಎಂಟು ತಿಂಗಳ ಜೈಲುಶಿಕ್ಷೆಯಾಯಿತು. ಬೆಂಗಳೂರಿನ ಅಳಿಯ ರಿಷಿ ಸುನಕ್ ಪ್ರಧಾನಿಯಾಗಿದ್ದಾಗಲೇ, 2023ರ ಜನವರಿಯಲ್ಲಿ, ಸೀಟ್ ಬೆಲ್ಟ್ ಹಾಕದ್ದಕ್ಕೆ ಪೊಲೀಸರಿಂದ ದಂಡ ಹಾಕಿಸಿಕೊಂಡರು. ಇದನ್ನು ಕಂಡಾಗ ಈ ದೇಶದ ಮೇಲೆ ನನಗೆ ಗೌರವ ಉಕ್ಕುತ್ತದೆ. ನಮ್ಮಲ್ಲಿ ಯಾವ ಮಂತ್ರಿಯ ಕಾರನ್ನು ಯಾವ ಪೇದೆ ನಿಲ್ಲಿಸಿಯಾನು?

ಹಾಗೆಂದು ಇಲ್ಲಿನ ನ್ಯಾಯ ತಪ್ಪೇ ಮಾಡದು ಎಂದುಕೊಳ್ಳಬೇಡಿ. ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆ ತಪ್ಪು ಲೆಕ್ಕ ತೋರಿಸಿದ್ದಕ್ಕೆ 900ಕ್ಕೂ ಹೆಚ್ಚು ಅಂಚೆ ಕಚೇರಿ ನಡೆಸುವವರು ಕಳ್ಳರೆಂಬ ತೀರ್ಪು ಪಡೆದರು. ಅವರಲ್ಲಿ ನಮ್ಮ ಉಪಖಂಡದ ಮೂಲದವರು ಬಹಳ ಮಂದಿ. ಸೀಮಾ ಮಿಶ್ರಾ 2010ರಲ್ಲಿ ಗರ್ಭಿಣಿಯಾಗಿದ್ದಾಗ ಜೈಲಿಗೆ ಹೋದರು. ಆ ತೀರ್ಪುಗಳನ್ನು ಒಟ್ಟಾಗಿ ರದ್ದುಪಡಿಸುವ ಕಾಯ್ದೆ ಬಂದದ್ದು 2024ರಲ್ಲಿ. "ಒಪ್ಪಿಕೊಂಡರೆ ಶಿಕ್ಷೆ ಕಡಿಮೆ" ಎಂಬ ಮಾತಿಗೆ ಬೆದರಿ ಮಾಡದ ತಪ್ಪನ್ನು ಒಪ್ಪಿಕೊಂಡವರು ಅವರಲ್ಲಿ ಎಷ್ಟೋ ಜನ. ತಪ್ಪು ಮಾಡಿಲ್ಲವೆಂದು ಖಚಿತವಿದ್ದರೆ ವಕೀಲರನ್ನು ಕೇಳದೆ ಯಾವುದಕ್ಕೂ ಸಹಿ ಹಾಕಬೇಡಿ.

ಮತದಾರರ ಪಟ್ಟಿಗೆ ಸೇರಿದವರಿಗೆ ಇನ್ನೊಂದು ಲಕೋಟೆ ಬರಬಹುದು: ಜ್ಯೂರಿ ಸಮನ್ಸ್, ಅಂದರೆ ಮೊಕದ್ದಮೆ ಕೇಳಿ ತೀರ್ಪು ಹೇಳುವ ಸಾಮಾನ್ಯ ಪ್ರಜೆಗಳ ತಂಡದಲ್ಲಿ ಕೂರಲು ಕರೆ. 18ರಿಂದ 75 ವಯಸ್ಸಿನೊಳಗಿದ್ದು, ಐದು ವರ್ಷ ಇಲ್ಲಿ ವಾಸವಿದ್ದರೆ ಭಾರತದ ಪ್ರಜೆಯೂ ಹೋಗಬೇಕು. ಇದೂ ಉತ್ತರಿಸಲೇಬೇಕಾದ ಕಾಗದ. ನಾನು ಎರಡು ವಾರ ಕುಳಿತು ಬಂದೆ. ಒಳಗೆ ನಡೆದ ಚರ್ಚೆಯನ್ನು ಹೇಳುವುದು ಅಪರಾಧ, ಆದ್ದರಿಂದ ಹೇಳುವುದಿಲ್ಲ. ಮೊಕದ್ದಮೆಯ ಬಗ್ಗೆ ಮೊಬೈಲಿನಲ್ಲಿ ಹುಡುಕಿದರೂ ಜೈಲುಶಿಕ್ಷೆಯಾಗಬಹುದು. ನೌಕಾಪಡೆಯ ಅಧಿಕಾರಿ ನಾನಾವತಿಯ ಮೇಲಿನ 1959ರ ಕೊಲೆ ಮೊಕದ್ದಮೆಯ ನಂತರ ನಮ್ಮ ದೇಶ ಜ್ಯೂರಿ ಪದ್ಧತಿಯಿಂದ ದೂರ ಸರಿಯಿತು. ಅದೇ ಸರಿ ಎಂದು ನಾನು ನಂಬಿದ್ದೆ. ಪರಿಚಯವೇ ಇಲ್ಲದ ಹನ್ನೆರಡು ಜನ ಇನ್ನೊಬ್ಬನ ಬದುಕನ್ನು ಅಷ್ಟು ಎಚ್ಚರದಿಂದ ತೂಗುವುದನ್ನು ನೋಡಿದ ಮೇಲೆ ಹಾಗನ್ನಿಸುವುದಿಲ್ಲ.

ಕೊನೆಯ ಲಕೋಟೆ ಟಿವಿ ಲೈಸೆನ್ಸಿನದು, ಅಂದರೆ ಬಿಬಿಸಿಯ ಖರ್ಚಿಗೆಂದು ಟಿವಿ ನೋಡುವವರು ಕಟ್ಟುವ ಶುಲ್ಕದ್ದು. "ನಾವು ಬಿಬಿಸಿ ನೋಡುವುದೇ ಇಲ್ಲ" ಎಂಬ ಉತ್ತರ ನಡೆಯುವುದಿಲ್ಲ. ಯಾವ ದೇಶದ ಯಾವ ವಾಹಿನಿಯಾದರೂ ಸರಿ, ಪ್ರಸಾರವಾಗುತ್ತಿರುವಾಗಲೇ ನೋಡಿದರೆ ಲೈಸೆನ್ಸ್ ಬೇಕು, ಲ್ಯಾಪ್‌ಟಾಪಿನಲ್ಲಿ ನೋಡಿದರೂ ಅಷ್ಟೇ. ಐಪಿಎಲ್ ಪಂದ್ಯವನ್ನು ವಾಹಿನಿಯಲ್ಲಿ ನೇರವಾಗಿ ನೋಡುವವರು ಇದಕ್ಕೆ ಹೊರತಲ್ಲ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 174.50 ಪೌಂಡ್ ಇತ್ತು. ನೇರ ಪ್ರಸಾರವನ್ನೂ ಬಿಬಿಸಿಯ ಐಪ್ಲೇಯರನ್ನೂ ನೋಡುವುದೇ ಇಲ್ಲವಾದರೆ ಬೇಡವೆಂದು ಬರೆದು ತಿಳಿಸಿ. ತಪ್ಪಿದವರ ಮೊಕದ್ದಮೆ ನಡೆಯುವುದೂ ಅದೇ ಒಬ್ಬ ಮ್ಯಾಜಿಸ್ಟ್ರೇಟರ ಮುಂದೆ. ಸಿಕ್ಕಿಬೀಳುವವರಲ್ಲಿ ಹೆಚ್ಚಿನವರು ಹೆಂಗಸರು.

ಇಷ್ಟು ಕಟ್ಟಿದರೂ ಇಂಗ್ಲೆಂಡಿನ ಟೆಸ್ಟ್ ಪಂದ್ಯ ನೇರವಾಗಿ ಕಾಣುವುದಿಲ್ಲ ಎಂಬುದು ನನ್ನ ಬಹುಕಾಲದ ಸಂಕಟ. 2005ರ ಆ್ಯಶಸ್ ಸರಣಿಯನ್ನು ಇಡೀ ದೇಶ ಉಚಿತವಾಗಿ ನೋಡಿತು. ಮರುವರ್ಷದಿಂದ ತವರಿನ ಟೆಸ್ಟುಗಳು ಹಣ ಕೊಟ್ಟವರ ವಾಹಿನಿಗೆ ಹೋದವು. ವಿಂಬಲ್ಡನ್ ಫೈನಲ್ ಎಲ್ಲರಿಗೂ ಸಿಗಬೇಕೆಂದು ಕಾನೂನು ಮಾಡಿಕೊಂಡ ದೇಶ ಕ್ರಿಕೆಟ್ಟನ್ನು ಆ ಪಟ್ಟಿಯಿಂದ ಕೆಳಗಿಳಿಸಿತು. ನಮ್ಮಲ್ಲಿ 2007ರ ಕಾಯ್ದೆಯಿಂದಾಗಿ ಭಾರತದ ಮುಖ್ಯ ಪಂದ್ಯಗಳನ್ನು ದೂರದರ್ಶನದ ಜೊತೆ ಹಂಚಿಕೊಳ್ಳಲೇಬೇಕು. ಇದರಲ್ಲೂ ನಮ್ಮದೇ ವಾಸಿ.

ಆದ್ದರಿಂದ ನಾನು ಕೌಂಟಿ ಮೈದಾನಗಳಿಗೆ ಹೋಗುತ್ತೇನೆ. ನಾಲ್ಕು ದಿನದ ಪಂದ್ಯದ ಟಿಕೆಟ್ ಅಗ್ಗ, ಬುತ್ತಿ ಒಯ್ಯಲು ಅಡ್ಡಿಯಿಲ್ಲ. ಕೆಂಟ್ ತಂಡಕ್ಕೆ 2000ದಲ್ಲಿ ದ್ರಾವಿಡ್ ಆಡಿದರು, ಗ್ಲಾಸ್ಟರ್‌ಶೈರ್‌ಗೆ 1995ರಲ್ಲಿ ಶ್ರೀನಾಥ್, ನಾರ್ಥಾಂಪ್ಟನ್‌ಶೈರ್‌ಗೆ ಅದೇ ಬೇಸಿಗೆಯಲ್ಲಿ ಕುಂಬ್ಳೆ, ಈಚೆಗೆ ಕರುಣ್ ನಾಯರ್. ನಾರ್ಥಾಂಪ್ಟನ್ನಿನಲ್ಲಿ ಒಮ್ಮೆ ಚಿತ್ರಾನ್ನದ ಡಬ್ಬಿ ತೆರೆದಾಗ ಪಕ್ಕದ ಬೆಂಚಿನ ಮುದುಕರು ಎಲ್ಲಿಯವನೆಂದು ಕೇಳಿದರು. ಬೆಂಗಳೂರು ಎಂದೆ. ಮಂಡಿಯ ಮೇಲಿದ್ದ ಸ್ಕೋರ್ ಪುಸ್ತಕವನ್ನು ಮುಚ್ಚಿ, "ಕುಂಬ್ಳೆ, ಆ ವರ್ಷ ನೂರೈದು ವಿಕೆಟ್" ಎಂದು, ಸ್ವಲ್ಪ ಸರಿದು ನನಗೆ ಜಾಗ ಮಾಡಿಕೊಟ್ಟರು.