ಮಕ್ಕಳಿಗೆ ದಾರದ ಹುಳ: ಮಾತ್ರೆ ಕೊಟ್ಟ ಮೇಲೆ ಉಳಿಯುವ ಅರ್ಧ ಕೆಲಸ

ಹಗಲೆಲ್ಲ ಆಡಿಕೊಂಡಿದ್ದ ಮಗು ಮಲಗಿ ಎರಡು ಗಂಟೆಯಾಗುವಷ್ಟರಲ್ಲಿ ಹೊರಳಾಡಲು ಶುರು ಮಾಡುತ್ತದೆ. ನಿದ್ದೆಗಣ್ಣಲ್ಲೇ ಚಡ್ಡಿಯೊಳಗೆ ಕೈ ಹಾಕಿ ಕೆರೆದುಕೊಳ್ಳುತ್ತದೆ. ಮಾತು ಬಾರದ ಕೂಸಾದರೆ ಎದ್ದು ಅಳುತ್ತದೆ, ಅಷ್ಟೇ. ಹಲ್ಲು ಬರ್ತಿರಬೇಕು, ದೃಷ್ಟಿ ಆಗಿರಬೇಕು ಎಂದು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾಲ್ಕೈದು ರಾತ್ರಿ ಹೀಗೇ ಆದರೆ ದಾರದ ಹುಳ ಇರಬಹುದೇ ಎಂದು ನೋಡುವುದು ಒಳ್ಳೆಯದು.

ಇದು ಜಂತುಹುಳುಗಳಲ್ಲೇ ಸಣ್ಣ ಜಾತಿ. ಬಿಳಿ ದಾರದ ತುಂಡಿನ ಹಾಗೆ ಇರುತ್ತದೆ. ಹೆಣ್ಣು ಹುಳ ಸುಮಾರು ಒಂದು ಸೆಂಟಿಮೀಟರ್ ಉದ್ದ. ಹಗಲು ಕರುಳಿನೊಳಗೆ ಇದ್ದು, ರಾತ್ರಿ ಮಗು ಮಲಗಿದ ಮೇಲೆ ಮಲದ್ವಾರದ ಹೊರಗೆ ಬಂದು ಸಾವಿರಾರು ಮೊಟ್ಟೆ ಇಡುತ್ತದೆ. ಆಗಲೇ ಕೆರೆತ. ಮಗು ಕೆರೆದಾಗ ಮೊಟ್ಟೆ ಉಗುರಿನ ಸಂದಿಗೆ ಸೇರುತ್ತದೆ. ಅಲ್ಲಿಂದ ಬಾಯಿಗೆ, ಹಾಸಿಗೆಗೆ, ಆಟದ ಸಾಮಾನಿಗೆ, ಪಕ್ಕದಲ್ಲಿ ಮಲಗಿದ ತಂಗಿಯ ಕೈಗೆ. ಇಟ್ಟ ನಾಲ್ಕರಿಂದ ಆರು ಗಂಟೆಯಲ್ಲೇ ಮೊಟ್ಟೆ ಸೋಂಕು ಹರಡಲು ಸಿದ್ಧವಾಗಿರುತ್ತದೆ. ಹೊರಗೆ ಬಿದ್ದ ಮೊಟ್ಟೆ ಎರಡು ವಾರದವರೆಗೂ ಬದುಕಬಲ್ಲದು. ತಂಪು, ತೇವ ಇದ್ದರೆ ಅದಕ್ಕೆ ಇನ್ನೂ ಅನುಕೂಲ. ನಮ್ಮ ಮಲೆನಾಡಿನ ಮಳೆಗಾಲದ ಮನೆಗಳು ಹೇಗಿರುತ್ತವೆ ಎಂದು ನಿಮಗೇ ಗೊತ್ತು.

ಮನೆ ಗಲೀಜಾಗಿದೆ ಎಂದು ಈ ಹುಳ ಬರುವುದಿಲ್ಲ. ಹಾಸನದ ಹೊಸ ಬಡಾವಣೆಯ ಮನೆಗೂ ಬರುತ್ತದೆ, ಮೂಡಿಗೆರೆ ಕಡೆಯ ಎಸ್ಟೇಟ್ ಲೈನ್ ಮನೆಗೂ ಬರುತ್ತದೆ. ಸಿಹಿ ತಿಂದರೆ ಬರುತ್ತದೆ ಎನ್ನುವುದೂ ಸುಳ್ಳು. ನಾಯಿ, ಬೆಕ್ಕಿನಿಂದ ಹರಡುವುದಿಲ್ಲ. ಕಾಫಿ ಕಣದ ಮಣ್ಣಿನಲ್ಲಿ ಆಡಿದ್ದಕ್ಕೆ ಬಂತು ಎಂದು ಮಗುವನ್ನು ಬೈಯಬೇಡಿ. ಮಣ್ಣಿನಿಂದ ಬರುವುದು ಕೊಕ್ಕೆಹುಳ, ದುಂಡುಹುಳ. ಅವಕ್ಕೆ ಚಪ್ಪಲಿ, ಶೌಚಾಲಯ ಮುಖ್ಯ. ದಾರದ ಹುಳಕ್ಕೆ ಉಗುರು, ಕೈ, ಹಾಸಿಗೆ ಮುಖ್ಯ.

ಮೊದಲು ಖಚಿತ ಮಾಡಿಕೊಳ್ಳಿ

ಮಗು ಮಲಗಿ ಎರಡು ಮೂರು ಗಂಟೆಯಾದ ಮೇಲೆ ಟಾರ್ಚ್ ಹಿಡಿದು ಮಲದ್ವಾರದ ಸುತ್ತ ನೋಡಿ. ಸಣ್ಣಗೆ ಅಲುಗಾಡುವ ಬಿಳಿ ಹುಳ ಕಾಣಬಹುದು. ಬೆಳಗಿನ ಕಕ್ಕದಲ್ಲೂ ಕೆಲವೊಮ್ಮೆ ಕಾಣುತ್ತದೆ. ಏನೂ ಕಾಣದಿದ್ದರೆ ಟೇಪ್ ಪರೀಕ್ಷೆ ಇದೆ. ಬೆಳಿಗ್ಗೆ ಎದ್ದ ತಕ್ಷಣ, ತೊಳೆಯುವ ಮೊದಲು, ಪಾರದರ್ಶಕ ಸೆಲ್ಲೋ ಟೇಪಿನ ಅಂಟು ಭಾಗವನ್ನು ಅಲ್ಲಿನ ಚರ್ಮಕ್ಕೆ ಮೆಲ್ಲಗೆ ಒತ್ತಿ ತೆಗೆಯಿರಿ. ಲ್ಯಾಬಿನವರು ಕೊಟ್ಟ ಗಾಜಿನ ಪಟ್ಟಿಗೆ ಅಂಟಿಸಿ ಕೊಡಿ. ಮೂರು ಬೆಳಿಗ್ಗೆ ಬಿಡದೆ ಮಾಡಿದರೆ ಸಿಕ್ಕಿಬೀಳುವ ಸಾಧ್ಯತೆ ಜಾಸ್ತಿ. ಸಾಮಾನ್ಯ ಮಲ ಪರೀಕ್ಷೆಯಲ್ಲಿ ಈ ಹುಳದ ಮೊಟ್ಟೆ ಹೆಚ್ಚಾಗಿ ಸಿಗುವುದಿಲ್ಲ. ಹಾಗಾಗಿ ರಿಪೋರ್ಟ್ ನೋಡಿ ಹುಳವಿಲ್ಲ ಎಂದು ಸುಮ್ಮನಾಗಬೇಡಿ.

ಹೆಣ್ಣುಮಕ್ಕಳಲ್ಲಿ ಮುಂದುಗಡೆಯೂ ಕೆರೆತ, ಉರಿ ಬರಬಹುದು. ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಬಹುದು. ಅದಕ್ಕೂ ಮಗುವನ್ನು ಗದರಬೇಡಿ.

ಮಾತ್ರೆ ಎಲ್ಲರಿಗೂ, ಒಂದೇ ದಿನ

ಆಲ್ಬೆಂಡಜೋಲ್, ಮೆಬೆಂಡಜೋಲ್, ಪೈರಾಂಟೆಲ್ ಇದಕ್ಕೆ ಕೊಡುವ ಔಷಧಗಳು. ಯಾವುದು, ಎಷ್ಟು ಎಂಬುದನ್ನು ಮಗುವಿನ ವಯಸ್ಸು, ತೂಕ ನೋಡಿ ವೈದ್ಯರು ಹೇಳಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೂ ಸಾಕು. ಈ ಔಷಧ ಹುಳವನ್ನು ಕೊಲ್ಲುತ್ತದೆ, ಆದರೆ ಮೊಟ್ಟೆಯ ಮೇಲೆ ಅದನ್ನು ನಂಬುವಂತಿಲ್ಲ. ಅದಕ್ಕೇ ಎರಡು ವಾರ ಬಿಟ್ಟು ಇನ್ನೊಂದು ಡೋಸ್ ಬೇಕು. ಅಷ್ಟರಲ್ಲಿ ಕೆರೆತ ನಿಂತಿರುತ್ತದೆ, ಎರಡನೇ ಡೋಸ್ ಮರೆತೇ ಹೋಗುತ್ತದೆ. ಮೊದಲ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಗುರುತು ಹಾಕಿ.

ಕೆರೆತ ಇಲ್ಲದವರಿಗೂ ಮಾತ್ರೆ ಬೇಕು. ಅಪ್ಪ, ಅಮ್ಮ, ಅಕ್ಕ, ಅಣ್ಣ, ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳುವ ಅಜ್ಜಿ, ಎಲ್ಲರೂ ಒಂದೇ ದಿನ ತೆಗೆದುಕೊಳ್ಳಬೇಕು. ಒಬ್ಬರು ತಪ್ಪಿಸಿಕೊಂಡರೂ ಹುಳ ತಿರುಗಿ ಬರುತ್ತದೆ. ಗರ್ಭಿಣಿ, ಹಾಲೂಡಿಸುವ ತಾಯಿ ಮಾತ್ರ ವೈದ್ಯರನ್ನು ಕೇಳದೆ ನುಂಗಬಾರದು.

ಅಂಗನವಾಡಿಯಲ್ಲಿ ಆಗಲೇ ಮಾತ್ರೆ ಕೊಟ್ಟಿದ್ದಾರಲ್ವಾ ಎಂದು ಕೆಲವರು ಕೇಳುತ್ತಾರೆ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ 2015ರಲ್ಲಿ ಶುರುವಾಯಿತು. 1ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಕೊಡುತ್ತಾರೆ. ಎರಡು ವರ್ಷದೊಳಗಿನವರಿಗೆ 400 ಮಿಲಿಗ್ರಾಂ ಮಾತ್ರೆಯ ಅರ್ಧ, ಅದಕ್ಕೆ ಮೇಲ್ಪಟ್ಟವರಿಗೆ ಪೂರ್ತಿ. ತುಂಬಾ ಒಳ್ಳೆಯ ಕಾರ್ಯಕ್ರಮ, ತಪ್ಪಿಸಬೇಡಿ. ಆದರೆ ಅದು ಮುಖ್ಯವಾಗಿ ಮಣ್ಣಿನಿಂದ ಬರುವ ಹುಳುಗಳಿಗಾಗಿ. ಹಾಸಿಗೆಯಲ್ಲಿ ಮೊಟ್ಟೆ ಉಳಿದಿರುವ ಮನೆಗೆ ಆ ಒಂದು ಡೋಸ್ ಸಾಲುವುದಿಲ್ಲ.

ಪುಟ್ಟ ಮಕ್ಕಳಿಗೆ ಮಾತ್ರೆಯನ್ನು ಎರಡು ಚಮಚದ ನಡುವೆ ಪುಡಿ ಮಾಡಿ, ನೀರಿನಲ್ಲಿ ಕಲಸಿ ಕೊಡಿ. ಅಳುವ ಮಗುವಿನ ಬಾಯಿಗೆ ಒತ್ತಾಯದಿಂದ ಹಾಕಬೇಡಿ. ಉಸಿರುಗಟ್ಟುವ ಅಪಾಯ ನಿಜವಾದದ್ದು.

ಒಂದು ವರ್ಷದೊಳಗಿನ ಕೂಸಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ಔಷಧ ತರುವುದೇ ಬೇಡ. ವೈದ್ಯರಿಗೆ ತೋರಿಸಿ. ಆರು ತಿಂಗಳೊಳಗಿನವರಿಗೆ ಸಾಮಾನ್ಯವಾಗಿ ಔಷಧ ಕೊಡದೆ, ಆರು ವಾರ ಶುಚಿಯಲ್ಲೇ ಗೆಲ್ಲುತ್ತಾರೆ. ನುಂಗಿದ ಮೊಟ್ಟೆ ಹುಳವಾಗಿ, ಮತ್ತೆ ಮೊಟ್ಟೆ ಇಟ್ಟು, ತನ್ನ ಆಯಸ್ಸು ಮುಗಿಸುವುದಕ್ಕೆ ಸುಮಾರು ಅಷ್ಟು ಕಾಲ ಹಿಡಿಯುತ್ತದೆ. ಹೊಸ ಮೊಟ್ಟೆ ಹೊಟ್ಟೆಗೆ ಹೋಗದಿದ್ದರೆ ಸಂತಾನ ಅಲ್ಲಿಗೆ ಕಡಿಯುತ್ತದೆ. ಪ್ರತಿ ಸಲ ಲಂಗೋಟಿ, ಡೈಪರ್ ಬದಲಿಸುವಾಗ ನೀರಿನಲ್ಲಿ ಒರೆಸಿ ತೊಳೆಯಿರಿ, ಆಮೇಲೆ ನಿಮ್ಮ ಕೈಯನ್ನು ಸೋಪಿನಲ್ಲಿ ತೊಳೆಯಿರಿ.

ಹುಳ ಬೀಳಲಿ ಎಂದು ಕೂಸಿಗೆ ಹರಳೆಣ್ಣೆ ಕುಡಿಸುವುದು, ಬೇವಿನ ರಸ ನೆಕ್ಕಿಸುವುದು ದಯವಿಟ್ಟು ಬೇಡ. ಭೇದಿಯಾಗಿ ಮೈಯಲ್ಲಿನ ನೀರು ಹೋಗುತ್ತದೆ, ಹುಳ ಹೋಗುವುದಿಲ್ಲ.

ಎರಡು ವಾರದ ಬೆಳಿಗ್ಗೆಗಳು

ರಾತ್ರಿ ಇಟ್ಟ ಮೊಟ್ಟೆ ಬೆಳಿಗ್ಗೆ ಮೈಮೇಲೇ ಇರುತ್ತದೆ. ಆದ್ದರಿಂದ ಮಕ್ಕಳ ಸ್ನಾನ ಸಂಜೆ ಮಾಡಿಸುವ ರೂಢಿ ಇದ್ದರೆ ಎರಡು ವಾರ ಬೆಳಿಗ್ಗೆಗೆ ಬದಲಿಸಿ. ಎದ್ದ ಕೂಡಲೇ, ತಿಂಡಿಗೂ ಮೊದಲು. ಟಬ್ಬಿನಲ್ಲಿ ಕೂರಿಸಬೇಡಿ, ಚೊಂಬಿನಲ್ಲಿ ನೀರು ಹೊಯ್ದು ತೊಳೆಯಿರಿ. ಚಳಿಗೆ ಪೂರ್ತಿ ಸ್ನಾನ ಆಗದಿದ್ದರೆ ಸೊಂಟದ ಕೆಳಗಾದರೂ ತೊಳೆಯಿರಿ. ಒಣ ಚಡ್ಡಿ ಹಾಕಿ. ರಾತ್ರಿಯೂ ಮೈಗೆ ಹತ್ತುವಂಥ ಚಡ್ಡಿ ಇರಲಿ, ಕೈ ನೇರವಾಗಿ ಚರ್ಮಕ್ಕೆ ತಾಗುವುದಿಲ್ಲ. ಕೂಸಿನ ಕೈಗೆ ಬಟ್ಟೆಯ ಚೀಲ ಹಾಕಬಹುದು.

ಮಾತ್ರೆ ತೆಗೆದುಕೊಂಡ ಮರುದಿನ ಬೆಳಿಗ್ಗೆ ಎಲ್ಲರ ಹಾಸಿಗೆಯ ಬಟ್ಟೆ, ದಿಂಬಿನ ಕವರ್, ಟವೆಲ್ ಬದಲಿಸಿ. ಕೊಡವಬೇಡಿ! ಕೊಡವಿದರೆ ಮೊಟ್ಟೆ ಗಾಳಿಗೆ ಹಾರಿ ಮತ್ತೆ ಮೂಗು, ಬಾಯಿ ಸೇರುತ್ತದೆ. ಮೆಲ್ಲಗೆ ಸುತ್ತಿ ಬಕೆಟ್ಟಿಗೆ ಹಾಕಿ. ಹಂಡೆ ಇರುವ ಮನೆಗಳಿಗೆ ಇಲ್ಲಿ ದೊಡ್ಡ ಅನುಕೂಲ. ಕೈ ಇಡಲಾಗದಷ್ಟು ಬಿಸಿ ನೀರಿನಲ್ಲಿ ನೆನೆಸಿ ಒಗೆಯಿರಿ, ಮಕ್ಕಳನ್ನು ದೂರ ಇಡಿ. ವಾಷಿಂಗ್ ಮಷೀನ್ ಇದ್ದರೆ 60 ಡಿಗ್ರಿಗೆ ಇಡಿ. ಕಡೂರು, ಅರಸೀಕೆರೆ ಕಡೆಯವರಿಗೆ ಬಿಸಿಲಿಗೆ ಬರವಿಲ್ಲ, ಚೆನ್ನಾಗಿ ಒಣಗಿಸಿದರಾಯಿತು. ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆ ಮಳೆ ಹಿಡಿದರೆ ವಾರವಾದರೂ ಬಟ್ಟೆ ಒಣಗುವುದಿಲ್ಲ. ಅಂಥವರು ಬಚ್ಚಲೊಲೆಯ ಶಾಖಕ್ಕೆ ಒಣಹಾಕಿ, ಚಡ್ಡಿಗಳಿಗಾದರೂ ಬಿಸಿ ಇಸ್ತ್ರಿ ಹಾಕಿ. ಒಗೆಯಲಾಗದ ದಪ್ಪ ಕಂಬಳಿಯನ್ನು ಸುತ್ತಿ ಎರಡು ವಾರ ಬೇರೆ ಎತ್ತಿಡಿ. ಚಡ್ಡಿ, ರಾತ್ರಿಯ ಬಟ್ಟೆ ಮಾತ್ರ ದಿನಾ ಬದಲಾಗಲಿ.

ನೆಲವನ್ನು ಒಣ ಪೊರಕೆಯಲ್ಲಿ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಆಟದ ಸಾಮಾನು, ಬಾಗಿಲ ಚಿಲಕ, ನಲ್ಲಿ, ಮೊಬೈಲ್ ಕೂಡ ಒರೆಸಿ.

ಎಲ್ಲರ ಉಗುರು ಗಿಡ್ಡವಿರಲಿ. ಊಟಕ್ಕೆ ಮೊದಲು, ಶೌಚದ ನಂತರ ಸೋಪಿನಲ್ಲಿ ಉಗುರಿನ ಸಂದಿ ಬಿಡದಂತೆ ತೊಳೆಯಿರಿ. ಸ್ಯಾನಿಟೈಸರ್ ನಂಬಬೇಡಿ, ಈ ಮೊಟ್ಟೆಗೆ ಅದು ನಾಟುವುದಿಲ್ಲ. ಅನ್ನ ಕಲಸಿ ಕೈತುತ್ತು ಕೊಡುವವರು ಕಲಸುವ ಮುಂಚೆಯೇ ಕೈ ತೊಳೆದಿರಬೇಕು.

ಯಾವಾಗ ಆಸ್ಪತ್ರೆಗೆ?

ಕೆರೆದು ಚರ್ಮ ಹುಣ್ಣಾದರೆ, ರಕ್ತ ಕಂಡರೆ, ಮಗು ತೂಕ ಇಳಿದರೆ, ಹೊಟ್ಟೆನೋವು, ಜ್ವರ ಬಂದರೆ ಕಾಯಬೇಡಿ. ಶಾಲೆ, ಅಂಗನವಾಡಿ ಬಿಡಿಸುವ ಅಗತ್ಯವಿಲ್ಲ. ಆದರೆ ಟೀಚರ್‌ಗೆ ಒಂದು ಮಾತು ಹೇಳಿ. ಜೊತೆಗೆ ಆಡುವ ಮಕ್ಕಳ ಅಮ್ಮಂದಿರೂ ನೋಡಿಕೊಳ್ಳುತ್ತಾರೆ. ಎರಡನೇ ಡೋಸ್ ಆದ ಮೇಲೂ ಕೆರೆತ ಬಂದರೆ, ಔಷಧ ಬದಲಿಸುವ ಮೊದಲು ಮನೆಯಲ್ಲಿ ಮಾತ್ರೆ ನುಂಗದೇ ಉಳಿದವರು ಯಾರು ಎಂದು ಕೇಳಿ ನೋಡಿ.