ಕಮಿಟಿ 'ಹ್ಯಾಸ್' ಅನ್ನಬೇಕೋ 'ಹ್ಯಾವ್' ಅನ್ನಬೇಕೋ?

ಟೀಮ್, ಕಮಿಟಿ, ಫ್ಯಾಮಿಲಿ, ಜ್ಯೂರಿಯಂಥ ಸಮೂಹವಾಚಕ ಪದ ಕರ್ತೃವಾದಾಗ ಇಂಗ್ಲಿಷ್ ಕ್ರಿಯಾಪದ ಏಕವಚನವೋ ಬಹುವಚನವೋ ಎಂಬ ಗೊಂದಲಕ್ಕೆ ಕನ್ನಡದಲ್ಲೇ ಒಂದು ಉಪಾಯವಿದೆ. ಹೇಳಬೇಕಾದ್ದನ್ನು ಮೊದಲು ಕನ್ನಡದಲ್ಲಿ ಹೇಳಿ ನೋಡಿ.

'ಸಮಿತಿ ವರದಿ ಸಲ್ಲಿಸಿದೆ' ಎಂದು ಬಾಯಿಗೆ ಬಂದರೆ ಗುಂಪು ಇಡಿಯಾಗಿ ಕೆಲಸ ಮಾಡಿದೆ. ಆಗ ಏಕವಚನ: ದಿ ಕಮಿಟಿ ಹ್ಯಾಸ್ ಸಬ್‌ಮಿಟೆಡ್ ಇಟ್ಸ್ ರಿಪೋರ್ಟ್. 'ಸಮಿತಿಯವರು ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದಾರೆ' ಎಂದು 'ಅವರು' ಸೇರಿಸದೆ ವಿಧಿಯಿಲ್ಲವೆಂದಾದರೆ ಸದಸ್ಯರು ಬಿಡಿಬಿಡಿಯಾಗಿ ಕಾಣುತ್ತಿದ್ದಾರೆ: ದಿ ಕಮಿಟಿ ಆರ್ ಕ್ವಾರೆಲಿಂಗ್ ಅಮಂಗ್ ದೆಮ್‌ಸೆಲ್ವ್ಸ್. ಹಾಗೆಯೇ 'ಕುಟುಂಬ ದೊಡ್ಡದು' ಎಂಬಲ್ಲಿ ಫ್ಯಾಮಿಲಿ ಈಸ್. 'ಮನೆಯವರೆಲ್ಲ ಚೆನ್ನಾಗಿದ್ದಾರೆ' ಎಂಬಲ್ಲಿ ಫ್ಯಾಮಿಲಿ ಆರ್.

ಒಂದು ದಾರಿ ಹಿಡಿದ ಮೇಲೆ ವಾಕ್ಯದ ಕೊನೆಯವರೆಗೂ ಅದರಲ್ಲೇ ನಡೆಯಿರಿ. ಹೆಚ್ಚಿನವರು ಎಡವುವುದು ಕ್ರಿಯಾಪದದಲ್ಲಲ್ಲ, ಅದರ ನಂತರದ ಸರ್ವನಾಮದಲ್ಲಿ. 'ದಿ ಟೀಮ್ ಹ್ಯಾಸ್ ಚೇಂಜ್ಡ್ ದೆರ್ ಕ್ಯಾಪ್ಟನ್' ಮಾತಿನಲ್ಲಿ ನಡೆದೀತು, ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. 'ಹ್ಯಾಸ್' ಜೊತೆಗೆ 'ಇಟ್ಸ್', 'ಹ್ಯಾವ್' ಜೊತೆಗೆ 'ದೆರ್'. 'ಎಸ್' ಅಕ್ಷರವೂ ದಾರಿ ತಪ್ಪಿಸುತ್ತದೆ: ನಾಮಪದಕ್ಕೆ ಸೇರಿದರೆ ಸಾಮಾನ್ಯವಾಗಿ ಬಹುವಚನ, ಕ್ರಿಯಾಪದಕ್ಕೆ ಸೇರಿದರೆ ಏಕವಚನ. ದಿ ಟೀಮ್ ಪ್ಲೇಸ್, ದಿ ಟೀಮ್ಸ್ ಪ್ಲೇ. ಭೂತಕಾಲದಲ್ಲಿ ಈ ತಾಪತ್ರಯ ಕಡಿಮೆ. 'ವಾಸ್', 'ವರ್' ಎರಡನ್ನು ನೋಡಿಕೊಂಡರೆ ಸಾಕು.

ಕನ್ನಡದ ಉಪಾಯ ಕೈಕೊಡುವ ಪದಗಳೂ ಇವೆ, ಅವನ್ನು ಬಾಯಿಪಾಠ ಮಾಡುವುದೇ ಸರಿ. 'ದನ ಮೇಯುತ್ತಿದೆ' ಎನ್ನುತ್ತೇವೆ, ಆದರೆ ಕ್ಯಾಟಲ್ ಯಾವಾಗಲೂ ಬಹುವಚನ: ಕ್ಯಾಟಲ್ ಆರ್. 'ದಿ ಪೊಲೀಸ್ ಹ್ಯಾಸ್ ಅರೆಸ್ಟೆಡ್' ಎಂಬುದು ನಮ್ಮಲ್ಲಿ ತೀರಾ ಸಾಮಾನ್ಯವಾದ ತಪ್ಪು, 'ಹ್ಯಾವ್' ಆಗಬೇಕು. ಒಬ್ಬರೇ ಇದ್ದರೆ ಪೊಲೀಸ್ ಆಫೀಸರ್ ಎನ್ನಿ. ಇದಕ್ಕೆ ತಿರುಗುಮುರುಗಾಗಿ, ಪೀಠೋಪಕರಣಗಳು ಎಷ್ಟೇ ಇರಲಿ ಫರ್ನಿಚರ್ ಈಸ್, ಸುದ್ದಿಗಳು ಎಷ್ಟೇ ಬರಲಿ ನ್ಯೂಸ್ ಈಸ್. ಇಬ್ಬರು ಸಿಬ್ಬಂದಿಗೆ 'ಟೂ ಸ್ಟಾಫ್ಸ್' ಎನ್ನಬಾರದು, ಟೂ ಸ್ಟಾಫ್ ಮೆಂಬರ್ಸ್ ಎನ್ನಬೇಕು.

'ಆಫ್' ಬಂದಾಗ ಕಣ್ಣು ಪಕ್ಕದ ಪದಕ್ಕೆ ಹೋಗುತ್ತದೆ. 'ಎ ಬಂಚ್ ಆಫ್ ಕೀಸ್ ಈಸ್ ಆನ್ ದಿ ಟೇಬಲ್' ಎಂಬಲ್ಲಿ ಮೇಜಿನ ಮೇಲಿರುವುದು ಒಂದೇ ಗೊಂಚಲು, ಕೀಲಿಗಳನ್ನು ಎಣಿಸಬೇಡಿ. ಪರೀಕ್ಷೆ ತಯಾರಿಸುವವರಿಗೆ ಪ್ರಿಯವಾದ ಜೋಡಿ ಇನ್ನೊಂದಿದೆ. 'ಎ ನಂಬರ್ ಆಫ್ ಸ್ಟೂಡೆಂಟ್ಸ್' ಎಂದರೆ ಹಲವು ವಿದ್ಯಾರ್ಥಿಗಳು, ಆದ್ದರಿಂದ 'ಆರ್'. 'ದಿ ನಂಬರ್ ಆಫ್ ಸ್ಟೂಡೆಂಟ್ಸ್' ಎಂದರೆ ವಿದ್ಯಾರ್ಥಿಗಳ ಸಂಖ್ಯೆ, ಆದ್ದರಿಂದ 'ಈಸ್'. 'ಮೆಜಾರಿಟಿ ಆಫ್' ಬಂದರೆ ಮುಂದಿನ ಪದ ನೋಡಿ: ವೋಟರ್ಸ್ ಆದರೆ ಆರ್, ವರ್ಕ್ ಆದರೆ ಈಸ್.

ಅಮೆರಿಕನ್ ಇಂಗ್ಲಿಷ್ ಸಮೂಹವಾಚಕಕ್ಕೆ ಬಹುಪಾಲು ಏಕವಚನವನ್ನೇ ಬಳಸುತ್ತದೆ, ಬ್ರಿಟಿಷ್ ಇಂಗ್ಲಿಷ್ ಎರಡನ್ನೂ ಒಪ್ಪುತ್ತದೆ. ಕ್ರಿಕೆಟ್ ವರದಿಯಲ್ಲಿ 'ಇಂಡಿಯಾ ಆರ್ 180 ಫಾರ್ 4' ಎಂದು ಓದಿ ಬೆಚ್ಚಬೇಕಿಲ್ಲ. ಅಲ್ಲಿ ಇಂಡಿಯಾ ಎಂದರೆ ಆಟಗಾರರು. ದೇಶದ ಮಾತು ಬಂದರೆ ಇಂಡಿಯಾ ಈಸ್. ಅಮೆರಿಕದ ಕಂಪನಿಗೆ ಪತ್ರ ಬರೆಯುವಾಗ 'ಕಮಿಟಿ ಆರ್' ಬೇಡ. ಬಹುವಚನವೇ ಬೇಕೆನಿಸಿದರೆ 'ದಿ ಮೆಂಬರ್ಸ್ ಆಫ್ ದಿ ಕಮಿಟಿ ಆರ್' ಎಂದು ಬರೆಯಿರಿ, ಎರಡೂ ಕಡೆ ನಡೆಯುತ್ತದೆ.