ಒಂಬತ್ತರ ಮಗಳಿಗೆ ಮೊಬೈಲ್ ಬೇಕೇ? ನಾವು ಲ್ಯಾಂಡ್‌ಲೈನ್ ಹಾಕಿಸಿದೆವು

ಮಗುವಿಗೆ ಮೊಬೈಲ್ ಕೊಡಬೇಕೋ ಬೇಡವೋ ಎಂಬ ಚರ್ಚೆಗೆ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ದಿನದ ಯಾವ ಹೊತ್ತಿನಲ್ಲಿ ಫೋನ್ ಇರುವ ದೊಡ್ಡವರು ಮಗುವಿನ ಹತ್ತಿರ ಇರುವುದಿಲ್ಲ? ಶಾಲೆ, ವ್ಯಾನು ಎರಡರಲ್ಲೂ ಅಂಥ ದೊಡ್ಡವರು ಇರುವುದರಿಂದ ನಮ್ಮ ಹಾಳೆಯಲ್ಲಿ ಅವೆರಡನ್ನೂ ಹೊಡೆದುಹಾಕಿದೆವು. ಉಳಿದದ್ದು ಶಾಲೆ ಬಿಟ್ಟ ಮೇಲಿನ ಎರಡು ತಾಸು. ಆಗ ಮನೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ. ಅಜ್ಜಿಗೆ ಟಚ್ ಫೋನ್ ರೂಢಿಯಿಲ್ಲ. ಅಂದರೆ ಫೋನ್ ಬೇಕಿದ್ದದ್ದು ಮನೆಗೆ, ಮಗುವಿನ ಕೈಗಲ್ಲ.

ಫೈಬರ್ ಇಂಟರ್ನೆಟ್ ಇರುವ ಬಹಳ ಮನೆಗಳಲ್ಲಿ ಲ್ಯಾಂಡ್‌ಲೈನ್ ಪ್ಲಾನಿನಲ್ಲೇ ಸೇರಿರುತ್ತದೆ, ಯಾರೂ ಬಳಸುವುದಿಲ್ಲ ಅಷ್ಟೆ. ಮೋಡೆಮ್ ಹಿಂಬದಿಯಲ್ಲಿ ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಲ್ಯಾನ್ ಕಿಂಡಿಗಿಂತ ಚಿಕ್ಕದಾದ ಫೋನ್ ಕಿಂಡಿ ಇದೆಯೇ ನೋಡಿ. ಕಂಪನಿಗೆ ಹೇಳಿ ವಾಯ್ಸ್ ಸೇವೆ ಚಾಲೂ ಮಾಡಿಸಿದರೆ ಫೋನ್ ದೀಪ ಹತ್ತುತ್ತದೆ. ಫೋನು ವಯರ್ ಇರುವುದೇ ಆಗಲಿ. ಅದು ಮೋಡೆಮ್‌ನಿಂದಲೇ ವಿದ್ಯುತ್ ಪಡೆಯುತ್ತದೆ. ಕಾರ್ಡ್‌ಲೆಸ್‌ನ ಬೇಸ್‌ಗೆ ಬೇರೆ ಪ್ಲಗ್ ಬೇಕು, ಕರೆಂಟ್ ಹೋದೊಡನೆ ಅದೂ ಸತ್ತಂತೆ.

ಕರೆಂಟ್ ಹೋದರೆ ಮೋಡೆಮ್ ಕೂಡ ಆರುತ್ತದೆ. ಇನ್ವರ್ಟರ್ ಲೈನಿನಲ್ಲಿ ಇಲ್ಲದಿದ್ದರೆ ಮೋಡೆಮ್‌ಗೆ ಬ್ಯಾಟರಿಯಿಂದ ವಿದ್ಯುತ್ ಕೊಡುವ ಪುಟ್ಟ ಪೆಟ್ಟಿಗೆ, ಮಿನಿ ಯುಪಿಎಸ್ ತನ್ನಿ. ಮೋಡೆಮ್ ಅಡಾಪ್ಟರಿನ ಮೇಲೆ 12 ವೋಲ್ಟ್, 1.5 ಆಂಪಿಯರ್ ಎಂಬಂತೆ ಬರೆದಿರುತ್ತದೆ. ಯುಪಿಎಸ್‌ನ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಅದಕ್ಕಿಂತ ಹೆಚ್ಚಿರಬೇಕು. ಅಪಾರ್ಟ್‌ಮೆಂಟಿನಲ್ಲಿ ಮನೆಗೆ ಬರುವುದು ಫೈಬರ್ ಅಲ್ಲ, ಕೆಳಗಿನ ಸ್ವಿಚ್‌ನಿಂದ (ಮನೆಮನೆಗೆ ಇಂಟರ್ನೆಟ್ ಹಂಚುವ ಪೆಟ್ಟಿಗೆ) ಲ್ಯಾನ್ ಕೇಬಲ್ ಎಂದಾದರೆ ಆ ಸ್ವಿಚ್ಚಿಗೂ ಬ್ಯಾಕಪ್ ಇರಬೇಕು. ಇಲ್ಲದಿದ್ದರೆ ಮನೆಯ ಯುಪಿಎಸ್ ವ್ಯರ್ಥ.

ಮಕ್ಕಳು ಎಡವುವುದು ಒಂದು ಸೊನ್ನೆಯಲ್ಲಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು 0 ಒತ್ತಬೇಕು. ಹಾಗಾಗಿ ಗೋಡೆಯ ಚೀಟಿಯಲ್ಲಿ ಅಮ್ಮ, ಅಪ್ಪ, ಪಕ್ಕದ ಮನೆಯ ಆಂಟಿ ಮೂವರ ನಂಬರನ್ನೂ ಸೊನ್ನೆ ಸೇರಿಸಿಯೇ ದಪ್ಪಕ್ಷರದಲ್ಲಿ ಬರೆಯಿರಿ. ಕೆಳಗೆ ತುರ್ತು ಕರೆಯ 112, ಅದಕ್ಕೆ ಸೊನ್ನೆ ಬೇಡ. ಅಮ್ಮನ ನಂಬರನ್ನಾದರೂ ಮಗು ಚೀಟಿ ನೋಡದೆ ಒತ್ತುವಂತಾಗಬೇಕು. ಬಾಯಿಪಾಠ ಸಾಲದು, ನಿಜವಾಗಿ ಕರೆ ಮಾಡಿಸಿ. ಅಪರಿಚಿತರು ಕರೆ ಮಾಡಿದರೆ "ಅಮ್ಮ ಕೆಲಸದಲ್ಲಿದ್ದಾರೆ, ಆಮೇಲೆ ಮಾಡಿ" ಎಂದಷ್ಟೇ ಹೇಳಿ ಇಡುವುದನ್ನೂ ಕಲಿಸಿ. ಅಮ್ಮ ಮನೆಯಲ್ಲಿಲ್ಲ ಎನ್ನಬಾರದು.

ಸಂಗೀತದ ಕ್ಲಾಸಿಗೆ ಒಬ್ಬಳೇ ನಡೆದು ಹೋಗಲು ಶುರುವಾದ ಮೇಲೆ ಕೀಪ್ಯಾಡ್ ಫೋನ್ ಸೇರಿತು. ಅದು ಕ್ಲಾಸಿನ ಚೀಲದಲ್ಲಿರುತ್ತದೆ, ಶಾಲೆಯ ಚೀಲದಲ್ಲಲ್ಲ. ಅಂಗಡಿಗೆ ಹೋಗುವ ಮೊದಲು ಸಿಮ್ ಯಾವುದೆಂದು ತೀರ್ಮಾನಿಸಿ. ಜಿಯೋಗೆ 2ಜಿ ಜಾಲವಿಲ್ಲ, ಅಗ್ಗದ 2ಜಿ ಸೆಟ್ಟಿನಲ್ಲಿ ಅದರ ಸಿಮ್ ನಡೆಯುವುದಿಲ್ಲ. 4ಜಿ ಕೀಪ್ಯಾಡ್ ಕೊಂಡರೆ ಕೆಲವದರಲ್ಲಿ ಯೂಟ್ಯೂಬ್ ಇರುತ್ತದೆ. ಸೆಟ್ಟಿಂಗಿನಲ್ಲಿ ಡೇಟಾ ಆಫ್ ಮಾಡಿ, ಡೇಟಾ ಇಲ್ಲದ ರೀಚಾರ್ಜ್ ಹಾಕಿಸಿ. ಕರೆ ಮತ್ತು ಎಸ್‌ಎಂಎಸ್ ಮಾತ್ರದ ಪ್ಯಾಕ್ ಇಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಕಂಪನಿಗಳಿಗೆ 2024ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಅಂಗಡಿಯವರು ಅದನ್ನು ತಾವಾಗಿ ತೋರಿಸುವುದು ಕಡಿಮೆ, ಕೇಳಿ ಪಡೆಯಿರಿ. ಸಿಮ್ ಹೇಗೂ ದೊಡ್ಡವರ ಹೆಸರಿನಲ್ಲೇ ಇರುತ್ತದೆ. ಆದರೆ ಬ್ಯಾಂಕಿಗೆ ಕೊಟ್ಟ ನಂಬರ್ ಅದಾಗಿರಬಾರದು. ಫೋನ್ ಕಳೆದರೆ ಒಟಿಪಿಗಳೂ ಅದರ ಜೊತೆ ಹೋಗುತ್ತವೆ.

ಸ್ಮಾರ್ಟ್‌ಫೋನ್ ಕೊಟ್ಟಿಲ್ಲ, ಸದ್ಯಕ್ಕೆ ಕೊಡುವುದೂ ಇಲ್ಲ. ಹೋಮ್‌ವರ್ಕ್ ಬರುವ ವಾಟ್ಸ್‌ಆಪ್ ಗುಂಪು ತಂದೆತಾಯಿಯ ಫೋನಿನಲ್ಲೇ ಇದೆ. "ಎಲ್ಲರ ಹತ್ತಿರವೂ ಇದೆ" ಎಂಬ ಮಗುವಿನ ಮಾತು ನಿಜವೇ ಇರಬಹುದು, ಆದರೆ ನಮ್ಮ ಹಾಳೆಯಲ್ಲಿ ಅಂಥ ಅಗತ್ಯ ಎಲ್ಲೂ ಬರಲಿಲ್ಲ. ಕೊಡಲೇಬೇಕಾದ ಮನೆಯವರಿಗೆ ಒಂದು ಎಚ್ಚರಿಕೆ: ಹಳೆಯ ಫೋನನ್ನು ಹಾಗೇ ದಾಟಿಸಬೇಡಿ. ನಿಮ್ಮ ಫೋಟೊ, ಯುಪಿಐ, ಪ್ಲೇಸ್ಟೋರಿನ ಕಾರ್ಡು ಎಲ್ಲವೂ ಅದರಲ್ಲಿರುತ್ತವೆ. ಮೊದಲು ಗೂಗಲ್ ಖಾತೆ ತೆಗೆದು, ಆಮೇಲೆ ಎಲ್ಲವನ್ನೂ ಅಳಿಸುವ ಫ್ಯಾಕ್ಟರಿ ರೀಸೆಟ್ ಮಾಡಿ. ಕ್ರಮ ತಪ್ಪಿದರೆ ಫೋನು ಹಳೆಯ ಪಾಸ್‌ವರ್ಡ್ ಕೇಳುತ್ತಾ ನಿಂತುಬಿಡಬಹುದು. ನಂತರ ಮಗುವಿನ ನಿಜವಾದ ಹುಟ್ಟಿದ ದಿನಾಂಕ ಕೊಟ್ಟು ಖಾತೆ ತೆರೆದು, ನಿಮ್ಮ ಫೋನಿನ ಫ್ಯಾಮಿಲಿ ಲಿಂಕ್‌ಗೆ (ಮಗುವಿನ ಫೋನ್ ಮೇಲೆ ಹೆತ್ತವರು ನಿಗಾ ಇಡುವ ಗೂಗಲ್ ಆ್ಯಪ್) ಸೇರಿಸಿ. ವಯಸ್ಸು ಹೆಚ್ಚಿಸಿ ಬರೆದರೆ ಗೂಗಲ್ ಅದನ್ನು ದೊಡ್ಡವರ ಖಾತೆಯೆಂದೇ ನೋಡುತ್ತದೆ, ಚಿಕ್ಕ ಮಕ್ಕಳಿಗಿರುವ ಬಿಗಿ ಕಾವಲು ಸಿಗುವುದಿಲ್ಲ.